ಬಾಳುವ ಜಾಕೆಟ್ಟಿಗೆ ಹೆಚ್ಚು ತೆರಿಗೆಯೇಕೆ?

ಒಳ್ಳೆಯದೊಂದು ಜಾಕೆಟ್ಟನ್ನು ಹೊಂದಿರುವುದು ಪರಿಸರ ಚಳವಳಿಯವರಿಗೆ ಶೋಭಿಸದು ಎಂಬ ನಂಬಿಕೆ ನಮ್ಮೊಳಗೆ ಹೇಗೋ ಬೆಳೆದುಬಂದಿದೆ. ಸರಳ ಬದುಕೆಂದರೆ ಅಗ್ಗದ ಉಡುಪು ಎಂದೇ ನಾವು ತಿಳಿದಂತಿದೆ. ಹೀಗಾಗಿ ಪ್ಲಾಸ್ಟಿಕ್ ವಿರೋಧಿ ಜಾಥಾದಲ್ಲಿ ಘೋಷಣೆ ಕೂಗುವ ಅನೇಕರ ಮೈಮೇಲೆ ಸಂತೆಯಲ್ಲಿ ಕೊಂಡ ಪಾಲಿಯೆಸ್ಟರ್ ಜಾಕೆಟ್ಟಿರುತ್ತದೆ. ಪಾಲಿಯೆಸ್ಟರ್ ಕಚ್ಚಾ ತೈಲದಿಂದ ಹುಟ್ಟಿದ ಪ್ಲಾಸ್ಟಿಕ್ಕೇ. ನಾವು ದಾರಿಬದಿಯಲ್ಲಿ ಹೆಕ್ಕುವ ನೀರಿನ ಬಾಟಲಿಯೂ ಅದೇ ವಸ್ತುವಿನದು. ಒಗೆದಾಗಲೆಲ್ಲ ಅದರ ಸೂಕ್ಷ್ಮ ಎಳೆಗಳು ಕಳಚಿ ಹಳ್ಳ ಸೇರುತ್ತವೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಜಿಪ್ಪು ಕೆಟ್ಟು, ಮೈಯೆಲ್ಲ ಗುಂಜೆದ್ದು, ಕೊನೆಗದು ತೋಟದ ಮೂಲೆಯಲ್ಲಿ ಬೆಂಕಿಗೆ ಬೀಳುತ್ತದೆ. ಇದು ಸರಳತೆಯೇ?

ಘಟ್ಟದ ಮೇಲಿನ ನಮಗೆ ಬೆಚ್ಚನೆಯ ಉಡುಪು ಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಒಂದು ಕಾಲಕ್ಕೆ ಕಂಬಳಿಯ ಕೊಪ್ಪೆ ಹಾಕಿಕೊಂಡೇ ಮಲೆನಾಡು ನಾಟಿ ಮಾಡುತ್ತಿತ್ತು. ಆ ಕಂಬಳಿ ಇಲ್ಲಿಯದಲ್ಲ. ಬಯಲುಸೀಮೆಯ ಕುರುಬರು ತಮ್ಮ ಕುರಿಗಳ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಕೊಟ್ಟು, ಗುಂಡಿಮಗ್ಗದಲ್ಲಿ ನೇಯ್ದದ್ದು. ಪ್ಲಾಸ್ಟಿಕ್ ಹಾಳೆ ಬಂದು ಕೊಪ್ಪೆ ಹೋಯಿತು. ಈಗ ದಖ್ಖನಿ ಕುರಿಯ ಒರಟು ಉಣ್ಣೆಗೆ ಕೊಳ್ಳುವವರಿಲ್ಲದೆ, ಕತ್ತರಿಸಿದ್ದನ್ನು ಎಸೆಯುವ ಸ್ಥಿತಿಯಿದೆ. ಬಯಲಿನ ಮಗ್ಗಕ್ಕೂ ನಮ್ಮ ಬೆನ್ನಿಗೂ ಇದ್ದ ಹಳೆಯ ನಂಟನ್ನು ಕಡಿದುಕೊಂಡವರಲ್ಲಿ ನಾವೂ ಇದ್ದೇವೆ.

ಆ ನಂಟನ್ನು ಮತ್ತೆ ಕಟ್ಟಬಲ್ಲ ಬಟ್ಟೆ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೂ ಉಳಿದಿದೆ. ಬಾದಾಮಿಗೆ ಸಮೀಪದ ಗುಳೇದಗುಡ್ಡದ ಖಣವನ್ನು ನೋಡಿ. ಮೂಲತಃ ಕುಪ್ಪಸದ ಬಟ್ಟೆ. ಹಾಸಿನ ಎಳೆಗಳ ಜೊತೆಗೆ ಹೆಚ್ಚುವರಿ ಎಳೆಗಳನ್ನು ಹಾಯಿಸಿ ತೇರು, ಆನೆಹೆಜ್ಜೆ ಮೊದಲಾದ ವಿನ್ಯಾಸಗಳನ್ನು ನೇಯ್ಗೆಯಲ್ಲಿಯೇ ಮೂಡಿಸುತ್ತಾರೆ. ಅಚ್ಚೊತ್ತಿದ ಬಣ್ಣವಲ್ಲವಾದ್ದರಿಂದ ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ. ಈ ಖಣದ ಜಾಕೆಟ್ಟಿಗೆ ಹಳೆಯ ಇಳಕಲ್ ಸೀರೆಯನ್ನು ಎರಡು ಪದರಾಗಿ ಅಸ್ತರು ಕೊಟ್ಟು, ಕೌದಿಯಂತೆ ಒತ್ತಾಗಿ ಹೊಲಿಸಿದರೆ ನಮ್ಮ ಪುಷ್ಯಮಾಸದ ಚಳಿಗೆ ಸಾಕು. ಹುನಗುಂದ, ಇಳಕಲ್ಲಿನ ಅಜ್ಜಿಯರು ಹರಿದ ಸೀರೆಯನ್ನು ಎಸೆದವರಲ್ಲ, ಕೌದಿ ಮಾಡಿದವರು. (ಮಳೆಗೆ ಮಾತ್ರ ಈ ಜಾಕೆಟ್ಟು ಆಗದು, ಆಷಾಢದಲ್ಲಿ ಇದನ್ನು ತೊಟ್ಟು ತೋಟಕ್ಕಿಳಿದು ನಮ್ಮನ್ನು ಬೈಯಬೇಡಿ.)

ಇಂಥ ಉಡುಪನ್ನು ಸರಕಾರವು ಹೇಗೆ ಕಾಣುತ್ತಿದೆ? 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ 2500 ರೂಪಾಯಿಯವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ಮೀರಿದರೆ ಶೇ. 18. ಮೊದಲು ಮೇಲಿನ ದರ ಶೇ. 12 ಇತ್ತು. ಅದೇ ಸುಧಾರಣೆಯಲ್ಲಿ ಕೃತಕ ನಾರಿನ ತೆರಿಗೆಯನ್ನು ಶೇ. 18ರಿಂದ 5ಕ್ಕೆ, ಕೃತಕ ನೂಲಿನದನ್ನು ಶೇ. 12ರಿಂದ 5ಕ್ಕೆ ಇಳಿಸಲಾಯಿತು. ಲೆಕ್ಕ ಹಾಕಿ: ಆರುನೂರು ರೂಪಾಯಿಯ ಐದು ಪ್ಲಾಸ್ಟಿಕ್ ಜಾಕೆಟ್ಟುಗಳನ್ನು ಹತ್ತು ವರ್ಷಗಳಲ್ಲಿ ಕೊಂಡು ಕೊಂಡು ಎಸೆದರೆ ಒಟ್ಟು ತೆರಿಗೆ 150 ರೂಪಾಯಿ. ಮೂರು ಸಾವಿರದ ಒಂದೇ ಜಾಕೆಟ್ಟನ್ನು ಆ ಹತ್ತು ವರ್ಷವೂ ತೊಟ್ಟರೆ 540. ಖರ್ಚಾದ ಹಣ ಒಂದೇ. ಕಸ ಹೆಚ್ಚು ಮಾಡಿದವನಿಗೆ ರಿಯಾಯಿತಿ, ಬಾಳಿಸಿದವನಿಗೆ ದಂಡ! ದುಬಾರಿ ಉಡುಪು ಶ್ರೀಮಂತರದು, ಅವರು ಕೊಡಲಿ ಎನ್ನುವುದು ಇದರ ಹಿಂದಿನ ವಾದವಿರಬಹುದು. ಆದರೆ ಬೆಲೆಯ ಗೆರೆಗೆ ಕಂಪನಿಯ ಮುದ್ರೆಯ ಬೆಲೆ ಯಾವುದು, ಕೈದುಡಿಮೆಯ ಬೆಲೆ ಯಾವುದು ಎಂಬ ವಿವೇಚನೆಯಿಲ್ಲ. ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು ಹೆಗ್ಗೋಡಿನ ಪ್ರಸನ್ನ ಮತ್ತು ಗ್ರಾಮ ಸೇವಾ ಸಂಘದವರು 2017ರಲ್ಲಿಯೇ ಸತ್ಯಾಗ್ರಹ ಹೂಡಿದ್ದರು. ಆ ಬೇಡಿಕೆ ಇಂದಿಗೂ ಬೇಡಿಕೆಯಾಗಿಯೇ ಉಳಿದಿದೆ.

ವಿದ್ಯಾರ್ಥಿಗಳು ಕೇಳುತ್ತಾರೆ: ಮೂರು ಸಾವಿರ ಎಲ್ಲಿಂದ ತರುವುದು? ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಗಾಜಿನ ಅಂಗಡಿಗಳಲ್ಲಿ ಖಣದ ಜಾಕೆಟ್ಟಿಗೆ ಹೇಳುವ ಬೆಲೆಯನ್ನು ನಾವು ಸಮರ್ಥಿಸುವುದಿಲ್ಲ. ಅದರಲ್ಲಿ ನೇಕಾರನ ಪಾಲು ಎಷ್ಟೆಂದು ಅಲ್ಲಿ ಯಾರೂ ಬರೆದಿರುವುದಿಲ್ಲ. ಬಟ್ಟೆಯನ್ನು ಗುಳೇದಗುಡ್ಡದ ನೇಕಾರರಿಂದಲೇ ತರಿಸಿ, ನಮ್ಮೂರಿನ ದರ್ಜಿಯಿಂದಲೇ ಹೊಲಿಸಿದರೆ ಖರ್ಚು ಬಹಳ ಇಳಿಯುತ್ತದೆ, ಕೂಲಿಯೂ ಊರಿನಲ್ಲಿಯೇ ಉಳಿಯುತ್ತದೆ. ಖಣದ ಪನ್ನ ಕಿರಿದು. ಬೆನ್ನಿನ ನಡುವೆ ಒಂದು ಹೊಲಿಗೆ ಹೆಚ್ಚಿಗೆ ಬರುತ್ತದೆಂದು ದರ್ಜಿಗೆ ಮೊದಲೇ ತಿಳಿಸಿರಿ. ಮೋಸ ಹೋಗಲೂಬೇಡಿ. ಖಣದ ಹೆಸರಿನಲ್ಲಿ ಪಾಲಿಯೆಸ್ಟರ್ ಬಟ್ಟೆಯೂ ಮಾರಾಟವಾಗುತ್ತಿದೆ. ಅಂಚಿನಿಂದ ಎಳೆಯೊಂದನ್ನು ಬಿಡಿಸಿ ಸುಟ್ಟುನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯದ ಸಚಿವರಿಗೂ ಸ್ಥಾನವಿದೆ. ಕೈಮಗ್ಗದ ಬಟ್ಟೆಯಿಂದ ಹೊಲಿದ ಉಡುಪಿಗೆ 2500ರ ಗೆರೆಯನ್ನು ತೆಗೆದುಹಾಕಬೇಕೆಂದು ಆ ಸಚಿವರಿಗೆ ಪ್ರತಿ ಕಾಲೇಜಿನ ಪರಿಸರ ಸಂಘವೂ, ಪ್ರತಿ ಗ್ರಾಮಸಭೆಯೂ ಮನವಿ ಕಳುಹಿಸಲಿ. ಮನವಿಗೆ ಮೇಲಿನ 150 ಮತ್ತು 540ರ ಲೆಕ್ಕವನ್ನು ಲಗತ್ತಿಸಿರಿ.