ಮಾತಿನವನು ಮಾತು ನಿಲ್ಲಿಸಿದಾಗ

ಕ್ರಿಕೆಟ್ಟು ಉಳ್ಳವರ ಆಟ, ಅದರ ಗೊಡವೆ ನಮಗೇಕೆ ಎನ್ನುವ ಸಂಗಾತಿಗಳು ಜಾನ್ ಆರ್ಲಟ್ಟನ ಕಥೆ ಕೇಳಬೇಕು. ಅವನು 1945ರವರೆಗೆ ಇಂಗ್ಲೆಂಡಿನಲ್ಲಿ ಪೊಲೀಸನಾಗಿದ್ದ. ಆಮೇಲೆ ಬಿ.ಬಿ.ಸಿ. ಸೇರಿದ. 1946ರಲ್ಲಿ ನಮ್ಮ ದೇಶದ ತಂಡ ಅಲ್ಲಿಗೆ ಹೋದಾಗಲೇ ಅವನು ಮೊದಲ ಬಾರಿಗೆ ರೇಡಿಯೋದಲ್ಲಿ ಆಟದ ವಿವರಣೆ ಕೊಟ್ಟದ್ದು. ಹಳ್ಳಿಗಾಡಿನ ತನ್ನ ಉಚ್ಚಾರಣೆಯನ್ನು ದೊಡ್ಡವರಿಗಾಗಿ ತಿದ್ದಿಕೊಳ್ಳಲಿಲ್ಲ.

ಕೇಪ್‌ಟೌನಿನ ಅಚ್ಚುಕೂಟವೊಂದರ ಕೆಲಸಗಾರ ಬೇಸಿಲ್ ಡಿ'ಒಲಿವೇರ ಒಳ್ಳೆಯ ಆಟಗಾರ. ಆದರೆ ಬಿಳಿಯನಲ್ಲ, ಆದ್ದರಿಂದ ದಕ್ಷಿಣ ಆಫ್ರಿಕದ ತಂಡದಲ್ಲಿ ಸ್ಥಳವಿಲ್ಲ. ಅವನು ಆರ್ಲಟ್ಟನಿಗೆ ಕಾಗದ ಬರೆದ. ಆರ್ಲಟ್ ಪ್ರಯತ್ನಪಟ್ಟು 1960ರಲ್ಲಿ ಮಿಡ್ಲ್‌ಟನ್ ಎಂಬ ಗಿರಣಿ ಊರಿನ ತಂಡದಲ್ಲಿ ಅವನಿಗೆ ಜಾಗ ಕೊಡಿಸಿದ. ಮುಂದೆ ಅವನು ಇಂಗ್ಲೆಂಡಿನ ಪರವಾಗಿಯೇ ಆಡಿದ. 1968ರಲ್ಲಿ, ಅವನಿರುವ ತಂಡ ನಮ್ಮ ನೆಲಕ್ಕೆ ಬೇಡವೆಂದಿತು ದಕ್ಷಿಣ ಆಫ್ರಿಕದ ಸರ್ಕಾರ.

ಇಷ್ಟಾದರೂ ಇಂಗ್ಲೆಂಡಿನ ಕ್ರಿಕೆಟ್ ಯಜಮಾನರು 1970ರಲ್ಲಿ ಅದೇ ಬಿಳಿಯರ ತಂಡವನ್ನು ಕರೆಸಲು ಹೊರಟರು. ಆ ಪಂದ್ಯಗಳಿಗೆ ತಾನು ವಿವರಣೆ ಕೊಡುವುದಿಲ್ಲವೆಂದು ಆರ್ಲಟ್ ಪತ್ರಿಕೆಯಲ್ಲೇ ಸಾರಿದ. ಮಾತೇ ಅವನ ಕಸುಬು, ಅದರಿಂದಲೇ ಅನ್ನ. ಮುಷ್ಕರ ಹೂಡಿದವರಿಗೆ ಇದರ ಬೆಲೆ ಗೊತ್ತು. ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧ ಎಂದು ಉಪದೇಶಿಸಿದವರುಂಟು. ಮೈಬಣ್ಣ ನೋಡಿ ತಂಡ ಆರಿಸುವುದು ಯಾವ ಆಟವೋ! ಕೊನೆಗೆ ಬ್ರಿಟಿಷ್ ಸರ್ಕಾರವೇ ಮಧ್ಯೆ ಬಂದು ಪ್ರವಾಸ ರದ್ದಾಯಿತು. ಆರ್ಲಟ್ 1980ರವರೆಗೆ ಮೈಕಿನ ಮುಂದೆ ಕೂತಿದ್ದ.