ವಚನ ಚಿಂತನೆ: ಮರ್ಕಟನ ಕೊರಳ ಹಗ್ಗ



ಒಂದೆಡೆ ನೆಲೆಗೊಳ್ಳದ ತಮ್ಮ ಮನಸ್ಸನ್ನು ಬಸವಣ್ಣನವರು ಮರದ ಕೋತಿಗೆ ಹೋಲಿಸಿದ ವಚನ ಭಕ್ತರೆಲ್ಲರಿಗೂ ಪರಿಚಿತವಾದುದು. ಇದನ್ನು ವಿವರಿಸುವಾಗ ಮನವೆಂಬ ಕೋತಿಗೆ ಹಗ್ಗ ಬಿಗಿಯಬೇಕೆಂದು ಹೇಳಿಬಿಡುವುದು ಪ್ರವಚನಗಳಲ್ಲಿ ರೂಢಿಯಾಗಿದೆ. ಆದರೆ ವಚನದಲ್ಲಿ ಹಗ್ಗದ ಮಾತೇ ಇಲ್ಲ. ಬಸವಣ್ಣನವರು ಕೂಡಲಸಂಗಮದೇವನಲ್ಲಿ ಬೇಡಿಕೊಂಡದ್ದು, ತಮ್ಮನ್ನು ಆತನ ಪಾದಕಮಲದ ದುಂಬಿಯಾಗಿಸೆಂದು. ದುಂಬಿಯನ್ನು ಹೂವಿಗೆ ಯಾರೂ ಕಟ್ಟುವುದಿಲ್ಲ. ಮಧುವಿನ ಸವಿಗೆ ಅದು ತಾನಾಗಿ ಬಂದು ನೆಲಸುತ್ತದೆ.

ಹಗ್ಗದ ಉಪಮೆ ಸಲೀಸಾಗಿ ನಾಲಿಗೆಗೆ ಬರುವುದು, ಹಗ್ಗ ಹಾಕಿಸಿಕೊಂಡ ನಿಜವಾದ ಕೋತಿಯನ್ನು ಯಾರೂ ನೆನೆಯದಿರುವುದರಿಂದ. ಜಾತ್ರೆ, ಸಂತೆಗಳಲ್ಲಿ ಡಮರುವಿನ ಸದ್ದಿಗೆ ಲಾಗ ಹಾಕಿ, ಕೋಲು ಹೆಗಲ ಮೇಲಿಟ್ಟು ನಡೆದು, ಕೈಮುಗಿದು ಕಾಸು ಬೇಡುವ ಕೋತಿಯನ್ನು ಕಂಡು ನಕ್ಕವರೇ ಎಲ್ಲರೂ. ಆ ಆಟದ ಹಿಂದಿನ ಪಾಠ ಬೇರೆ. ಮರಿಯನ್ನು ತಾಯಿಯ ಮಡಿಲಿನಿಂದ ಕಿತ್ತು ತಂದು, ಹಸಿವಿಗೆ ಕೆಡವಿ, ಕೋಲಿನ ಭಯ ತೋರಿಸಿ, ಎರಡು ಕಾಲ ಮೇಲೆ ನಿಲ್ಲುವವರೆಗೆ ಕೊರಳ ಹಗ್ಗವನ್ನು ಮೇಲಕ್ಕೆ ಬಿಗಿದು ಕಲಿಸುವ ವಿದ್ಯೆಯದು. ಕಚ್ಚದಿರಲೆಂದು ಹಲ್ಲು ಕೀಳುವುದೂ ಉಂಟು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನು ಕೇಂದ್ರ ಸರಕಾರವು 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಇಲ್ಲಿ ಭಕ್ತರು ಕೇಳಬಹುದಾದ ಪ್ರಶ್ನೆಯೊಂದಿದೆ. ಕೋತಿಯಾಡಿಸಿ ಹೊಟ್ಟೆ ಹೊರೆಯುವವನದೂ ಕಾಯಕವಲ್ಲವೇ? ಅನುಭವಮಂಟಪದಲ್ಲಿ ವೇಷ ಕಟ್ಟಿ ಆಡುವ ಬಹುರೂಪಿ ಚೌಡಯ್ಯನವರಿಗೂ, ಡಕ್ಕೆ ಬಾರಿಸುವ ಬೊಮ್ಮಣ್ಣನವರಿಗೂ ಸ್ಥಾನವಿತ್ತಲ್ಲವೇ? ಇತ್ತು, ಗೌರವದ ಸ್ಥಾನವೇ ಇತ್ತು. ಆದರೆ ಚೌಡಯ್ಯನವರು ವೇಷ ಕಟ್ಟಿದ್ದು ತಮ್ಮ ಮೈಗೆ. ದಣಿದದ್ದು ಅವರ ಕಾಲು. ಮತ್ತೊಂದು ಜೀವವನ್ನು ಹಸಿವಿನಲ್ಲಿಟ್ಟು ದುಡಿಸಿದ ಗಳಿಕೆಯನ್ನು ಶರಣರ ಕಾಯಕದ ಸಾಲಿಗೆ ಸೇರಿಸಲು ಬರುವುದಿಲ್ಲ. ಹಾಗೆಂದು ಆ ಬಡವನನ್ನು ಬೈದು ಓಡಿಸಿದರೆ ಧರ್ಮ ಮುಗಿಯಿತೆಂದೂ ಅಲ್ಲ. ಕುಣಿಯುವ ಕರಡಿಗಳಲ್ಲಿ ಕೊನೆಯದೆಂದು ಎಣಿಸಲಾದ ರಾಜು 2009ರಲ್ಲಿ ಬನ್ನೇರುಘಟ್ಟದ ಆಶ್ರಯಕ್ಕೆ ಬರುವಷ್ಟರಲ್ಲಿ, ಕರಡಿ ಬಿಟ್ಟುಕೊಟ್ಟ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬು ಕಲ್ಪಿಸುವ ಯತ್ನವೂ ನಡೆದಿತ್ತು. ಕೋತಿಯವರ ಪಾಲಿಗೆ ಅಂಥ ಕಾಳಜಿ ಅಷ್ಟಾಗಿ ಒದಗಲಿಲ್ಲವೆನ್ನಬೇಕು.

ಬಡವನ ಹಗ್ಗ ಕಣ್ಣಿಗೆ ಕಾಣುತ್ತದೆ. ಉಳ್ಳವರ ಹಗ್ಗ ಕಾಣುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ ಹಾವುಗಳ ಜೊತೆಗೆ ಆರು ಕ್ಯಾಪುಚಿನ್ ಕೋತಿಗಳು ದೊರೆತವು. ಆರೂ ಸತ್ತಿದ್ದವು. ಇಂಥವನ್ನು ಕೊಳ್ಳುವವನು ಡಮರು ಬಾರಿಸುವವನಲ್ಲ. ಅಂದದ ಪ್ರಾಣಿಯೊಂದು ಮನೆಯಲ್ಲಿರಲೆಂದು ಬಯಸಿ, ಬೇಡಿದ ಬೆಲೆ ತೆರಬಲ್ಲವನು. ಕಂಡದ್ದೆಲ್ಲ ತನಗೆ ಬೇಕೆಂದು ಕೊಂಬೆಯಿಂದ ಕೊಂಬೆಗೆ ಹಾರುವ ಆ ಮನಸ್ಸೇ ವಚನದ ಮರ್ಕಟ.

ಮಠದ ಭಕ್ತರಲ್ಲಿ ಪೀಣ್ಯದ ಕಾರ್ಖಾನೆಗಳಲ್ಲಿ, ವೈಟ್‌ಫೀಲ್ಡ್ ಮತ್ತು ಇಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ದುಡಿಯುವವರು ಅನೇಕರು. ಭಾನುವಾರ ಮಕ್ಕಳೊಡನೆ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಹೋಗುವವರೂ ಉಂಟು. 2025ರ ಜುಲೈನಲ್ಲಿ ಅಲ್ಲಿಗೆ ದಕ್ಷಿಣ ಆಫ್ರಿಕಾದಿಂದ ಎಂಟು ಕ್ಯಾಪುಚಿನ್ ಕೋತಿಗಳು ಬಂದಿವೆ. ಎಷ್ಟು ವಿಶಾಲವಾದರೂ ಪಂಜರ ಪಂಜರವೇ, ನಿಜ. ಆದರೂ ಸೆರೆಯಲ್ಲಿರುವ ಕೋತಿ, ವಾನರಗಳಿಗೆ ಕಲಿಸುವ ಬೇರೊಂದು ಕ್ರಮ ಇಂದಿನ ಉತ್ತಮ ಮೃಗಾಲಯಗಳಲ್ಲಿ ಬೆಳೆದುಬಂದಿದೆ. ಸೂಜಿಮದ್ದಿಗೆ ತೋಳು ಒಡ್ಡುವುದು, ತೂಕದ ಹಲಗೆಯ ಮೇಲೆ ಕೂರುವುದು, ಹಲ್ಲು ತೋರಿಸಲು ಬಾಯಿ ತೆರೆಯುವುದು, ಇವೆಲ್ಲವನ್ನೂ ಹಗ್ಗವಿಲ್ಲದೆ, ಕೋಲಿಲ್ಲದೆ, ಹಣ್ಣಿನ ತುಂಡಿನ ಆಸೆಯಿಂದಲೇ ಕಲಿಸುತ್ತಾರೆ. ಒಲ್ಲೆನೆಂದು ಎದ್ದುಹೋಗುವ ಸ್ವಾತಂತ್ರ್ಯ ಪ್ರಾಣಿಗಿದೆ. ಕೋಲಿನ ಪಾಠದಲ್ಲಿ ಪಳಗುವುದು ಕೋತಿ ಮಾತ್ರ. ಇಲ್ಲಿ ಮೊದಲು ಪಳಗಬೇಕಾದುದು ಪಾಲಕನ ಮನಸ್ಸು. ಕೋಪಿಸಿಕೊಂಡರೆ ಅಂದಿನ ಪಾಠ ಕೆಟ್ಟಿತು. ಅವಸರಪಟ್ಟರೆ ತಿಂಗಳ ಶ್ರಮ ಹಾಳು.

ಕಂಬಿಯ ಇತ್ತ ನಿಂತವರು ಸಿಳ್ಳೆ ಹೊಡೆದು, ಬಿಸ್ಕತ್ತು ಎಸೆದು, ಅದು ಈಗಲೇ ಎದ್ದು ಕುಣಿಯಬೇಕೆಂದು ಕಾತರಿಸುತ್ತಾರೆ. ಅತ್ತ ಪಾಲಕನು ಹಣ್ಣಿನ ತುಂಡು ಹಿಡಿದು ಕಾಯುತ್ತಾನೆ. ಕೋತಿ ಬಾರದಿದ್ದರೆ ಮರುದಿನ ಅದೇ ಹೊತ್ತಿಗೆ ಮತ್ತೆ ಬಂದು ಕೂರುತ್ತಾನೆ.