ನಾಲ್ಕು ಒತ್ತಿದೆ, ಗಮಕ ಹೋಯ್ತು

ಶೆಲ್ ಸ್ಕ್ರಿಪ್ಟಿನಲ್ಲಿ ಮೆನು ಮಾಡೋಕೆ ಬ್ಯಾಶ್‌ನ 'ಸೆಲೆಕ್ಟ್' ತುಂಬಾ ಸುಲಭ ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೀನಿ. ಪಟ್ಟಿ ಕೊಟ್ಟರೆ ಸಾಕು, ತಾನೇ ನಂಬರು ಹಾಕಿ ತೋರಿಸಿ, ನಾವು ಆರಿಸಿದ್ದನ್ನು ವೇರಿಯಬಲ್‌ಗೆ ತುಂಬಿ ಕೊಡುತ್ತೆ. ಕಾರ್ನ್ ಶೆಲ್‌ನಿಂದ ಬಂದ ಬಳುವಳಿ. ಪಟ್ಟಿಯನ್ನು ಸ್ಕ್ರಿಪ್ಟಿನೊಳಗೆ ತುರುಕದೆ ಬೇರೆ ಫೈಲಿನಲ್ಲಿಡಿ ಅನ್ನೋದೂ ನನ್ನದೇ ಉಪದೇಶ. ಈಗಲೂ ಅದು ಸರಿ ಅಂತೀನಿ. ಆದರೆ ಆ ಫೈಲನ್ನು ಓದೋ ರೀತಿ ಇದೆಯಲ್ಲ, ಅದರ ಮೇಲೆ ನನಗೆ ಸಿಟ್ಟಿದೆ.

ನನ್ನದೊಂದು ಪುಟ್ಟ ಸ್ಕ್ರಿಪ್ಟ್ ಇತ್ತು. ಫೋಲ್ಡರುಗಳ ಹೆಸರಿರೋ ಫೈಲನ್ನು 'ಕ್ಯಾಟ್' ಮಾಡಿ ಸೀದಾ ಸೆಲೆಕ್ಟ್‌ಗೆ ಸುರಿಯೋದು, ಆರಿಸಿದ ಫೋಲ್ಡರನ್ನು ಅಳಿಸೋದು. ಸಾಲುಗಳು ನಾಲ್ಕೇ: ಹಾಡು, ಫೋಟೋ, ಗಮಕ, ತಾತ್ಕಾಲಿಕ. ವಾರಕ್ಕೊಮ್ಮೆ ಕಣ್ಣುಮುಚ್ಚಿ 4 ಒತ್ತುತ್ತಿದ್ದೆ. ಒಂದು ದಿನ 'ಹಾಡು' ಫೋಲ್ಡರಿಗೆ 'ಹಳೇ ಹಾಡು' ಅಂತ ಹೆಸರು ಬದಲಿಸಿ ಫೈಲಿನಲ್ಲೂ ತಿದ್ದಿದೆ. ಸಾಲು ನಾಲ್ಕೇ ತಾನೇ? ಶೆಲ್‌ಗೆ ಹಾಗಲ್ಲ! ಕೋಟ್ ಇಲ್ಲದ ಕಡೆ ಅದು ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸುತ್ತೆ. 1 ಹಳೇ, 2 ಹಾಡು, 3 ಫೋಟೋ, 4 ಗಮಕ. ಅಪ್ಪ ಓದಿದ್ದ ಕುಮಾರವ್ಯಾಸ ಭಾರತದ ರೆಕಾರ್ಡಿಂಗ್ ಅದರಲ್ಲಿತ್ತು. ಕಸದ ಬುಟ್ಟಿಗೂ ಹೋಗಲಿಲ್ಲ, ಸೀದಾ ಮಾಯ.

ತಪ್ಪು ನನ್ನದೇ, ಒಪ್ಪಿದೆ. ಆದರೆ ಈ 'ಕ್ಯಾಟ್' ಮಾದರಿಯನ್ನೇ ಹೊಸಬರಿಗೆ ಮೊದಲ ಪಾಠ ಅಂತ ಕೊಡ್ತೀವಲ್ಲ, ಅದು ನನ್ನ ತಕರಾರು. 'ಮ್ಯಾಪ್‌ಫೈಲ್' ಇದೆ, 2009ರ ಬ್ಯಾಶ್ 4ರಿಂದಲೂ ಇದೆ. 'ಟಿ' ಆಯ್ಕೆ ಕೊಟ್ಟು ಓದಿದರೆ ಒಂದು ಸಾಲು ಅರೇಯ ಒಂದು ಅಂಶ. ಆ ಅರೇಯನ್ನು ಕೋಟ್ ಒಳಗಿಟ್ಟೇ ಸೆಲೆಕ್ಟ್‌ಗೆ ಕೊಡಬೇಕು, ಮರೆತರೆ ಮತ್ತೆ ಅದೇ ಕಥೆ. ಮ್ಯಾಕ್‌ನವರ ಪಾಡು ಬೇರೆ, ಅಲ್ಲಿ ಜೊತೆಗೆ ಬರೋ ಬ್ಯಾಶ್ ಇನ್ನೂ 3.2. ಅಲ್ಲಿ 'ವೈಲ್ ರೀಡ್' ಸುತ್ತಿನಲ್ಲಿ ಒಂದೊಂದೇ ಸಾಲು ಅರೇಗೆ ಸೇರಿಸಿಕೊಳ್ಳಿ. ಮೆನುವನ್ನು ಮಾತ್ರ ಆ ಸುತ್ತಿನೊಳಗೆ ಇಡಬೇಡಿ, ಸೆಲೆಕ್ಟ್ ನಿಮ್ಮ ಕೀಬೋರ್ಡು ಬಿಟ್ಟು ಫೈಲಿನ ಮುಂದಿನ ಸಾಲನ್ನೇ ಉತ್ತರ ಅಂದುಕೊಳ್ಳುತ್ತೆ :-)

ಇನ್ನೊಂದು ತಮಾಷೆ. ಮೆನುವಿನಲ್ಲಿ ಕನ್ನಡ ಹೆಸರು ಚೆನ್ನಾಗೇ ಬರುತ್ತೆ, ಆದರೆ ಕನ್ನಡದ '೪' ಒತ್ತಿ ನೋಡಿ. ಬ್ಯಾಶ್‌ಗೆ ಅದು ಅಂಕಿಯೇ ಅಲ್ಲ, ವೇರಿಯಬಲ್ ಖಾಲಿ. ಒತ್ತಿದ್ದು 'ರಿಪ್ಲೈ'ಯಲ್ಲಿ ಉಳಿದಿರುತ್ತೆ, ಅಷ್ಟೇ. ಖಾಲಿ ಬಂದರೆ ಏನೂ ಮಾಡದೆ ಮತ್ತೆ ಕೇಳೋ ಸಾಲು ಅದಕ್ಕೇ ಬೇಕು. ಅಂದು ನಾನು ಕನ್ನಡಾಭಿಮಾನದಿಂದ ೪ ಒತ್ತಿದ್ದರೆ ಗಮಕ ಉಳೀತಿತ್ತೇನೋ!

ಈಗ ನನ್ನ ಸ್ಕ್ರಿಪ್ಟು ಅಳಿಸೋ ಮುಂಚೆ ಫೋಲ್ಡರಿನ ಹೆಸರನ್ನು ಪೂರ್ತಿ ಟೈಪ್ ಮಾಡಿಸುತ್ತೆ. ಕಿರಿಕಿರಿ ನಿಜ, ಇರಲಿ. ಅತ್ತೆ ಮನೆಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿದೆ, ಅದರ ಒಂದು ಬದಿ ಮಾತ್ರ ಕೇಳಿಸುತ್ತೆ. ನಿಮ್ಮ ಸ್ಕ್ರಿಪ್ಟುಗಳಲ್ಲಿ ಎಲ್ಲಾದರೂ ಆ ಬೆಕ್ಕು ಕೂತಿದೆಯಾ ನೋಡ್ಕೊಳ್ಳಿ.